ಡ್ರೈವಿಂಗ್ ಮೇಷ್ಟ್ರ ಸ್ಕ್ಯಾನಿಂಗ್

ಡ್ರೈವಿಂಗ್ ಮೇಷ್ಟ್ರ ಮೊಮ್ಮಗಳೇ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದಳು ಎಂಬ ಸುದ್ದಿ ಮಧ್ಯಾಹ್ನದೊಳಗೆ ಬೀದಿಯಿಡೀ ಹಬ್ಬಿತ್ತು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಮನುಷ್ಯ ಅವರು. ಟೆಸ್ಟ್ ತೆಗೆದುಕೊಳ್ಳುವ ಇನ್ಸ್‌ಪೆಕ್ಟರೂ ಒಂದು ಕಾಲದಲ್ಲಿ ಅವರ ಪಕ್ಕ ಕೂತು ಬೈಸಿಕೊಂಡವನೇ. ಅಂಥವರ ಮನೆಯ ಹುಡುಗಿ, ಬಾಯಿ ತೆರೆದರೆ ಸಿಡಿಯುತ್ತಾಳೆಂದು ಮನೆಮಂದಿಯೆಲ್ಲ ಚಿನಕುರಳಿ ಎಂದೇ ಕರೆಯುವವಳು, ನೇರ ಹೋಗು ಎಂದಲ್ಲಿ ನೇರ ಹೋಗಲಿಲ್ಲ. ಯಾರೂ ಹೇಳದೆ ಕೇಳದೆ ಕಾರನ್ನು ಪೆಟ್ರೋಲ್ ಬಂಕಿನೊಳಕ್ಕೆ ತಿರುಗಿಸಿ, ಗಾಳಿ ತುಂಬುವ ಜಾಗದ ಪಕ್ಕ ಅಚ್ಚುಕಟ್ಟಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕೂತುಬಿಟ್ಟಳು. ಪೆಟ್ರೋಲ್ ಹಾಕಿಸಬೇಕಾಗಿತ್ತೇ ಎಂದು ಇನ್ಸ್‌ಪೆಕ್ಟರು ಕೇಳಿದ ಮೇಲೆಯೇ ತಾನೆಲ್ಲಿದ್ದೇನೆಂದು ಅವಳಿಗೆ ತಿಳಿದದ್ದು.

ಅದೇ ದಿನ ಅವಳ ತಾಯಿ, ಅಂದರೆ ಆ ಮನೆಯ ಸೊಸೆ, ನೆಲಕ್ಕೆ ಕಾಲು ಸೋಕದವಳ ಹಾಗೆ ಆಸ್ಪತ್ರೆಯಿಂದ ಬಂದಿದ್ದಳು. ಅವಳು ಅಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡುವವಳು. ಪ್ರೋಬ್ ಎಂಬ ಹಿಡಿಕೆಯನ್ನು ಮೈಗೆ ಒತ್ತಿ ಹಿಡಿದು ಒಳಗಿನದನ್ನು ಪರದೆಗೆ ತರುವುದು ಅವಳ ಕೆಲಸ, ಪರದೆ ನೋಡಿ ಏನಿದೆ ಎಂದು ಬರೆಯುವುದು ಡಾಕ್ಟರ ಕೆಲಸ. ಗಂಡಸರ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಪುಟ್ಟ ಗ್ರಂಥಿಯೊಂದಿದೆ. ವಯಸ್ಸಾದಂತೆ ಅದು ಕಾಟ ಕೊಡಲು ಶುರುಮಾಡುತ್ತದೆ. ಅದನ್ನು ಸರಿಯಾಗಿ ನೋಡಬೇಕೆಂದರೆ ಅವರ ಆಸ್ಪತ್ರೆಯಲ್ಲಿ ಇಲ್ಲಿಯ ತನಕ ಕೋಲಿನಂಥ ಪ್ರೋಬನ್ನು ಹಿಂದಿನಿಂದ ಒಳಕ್ಕೆ ಹಾಕಬೇಕಿತ್ತು. ಅದನ್ನು ವಿವರಿಸುತ್ತಿದ್ದ ಹಾಗೇ ಗಂಡಸರು ಚಪ್ಪಲಿ ಹುಡುಕುತ್ತಿದ್ದರು. ಆ ದಿನ ಹೊಸ ಪ್ರೋಬ್ ಬಂದಿತ್ತು. ಎರಡು ತೊಡೆಗಳ ನಡುವೆ, ಹೊರಗಿನ ಚರ್ಮದ ಮೇಲೆ ಇಟ್ಟರೆ ಸಾಕು, ಒಳಕ್ಕೆ ಏನೂ ಹೋಗಬೇಕಾಗಿಲ್ಲ, ಗ್ರಂಥಿ ಪೂರ್ತಿ ಕಾಣುತ್ತದೆ. ಕಲಿಸಲು ಬಂದವರು ಅವಳ ಕೈ ನೋಡಿ, ನಿಮಗೆ ಹೇಳಿಕೊಡುವುದೇನೂ ಉಳಿದಿಲ್ಲ ಎಂದಿದ್ದರು. ಇದನ್ನು ಮನೆಯಲ್ಲಿ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಎನ್ನುವ ಸ್ಥಿತಿಯಲ್ಲಿ ಅವಳಿದ್ದಳು.

ಆದರೆ ಕೇಳುವವರು ಯಾರು? ಊಟದ ಮೇಜಿನ ಸುತ್ತ ಸೂತಕದ ಕಳೆ. ಮಾವ, ಅಂದರೆ ಮೇಷ್ಟ್ರು, ತಟ್ಟೆಯಿಂದ ಕಣ್ಣೆತ್ತಲಿಲ್ಲ. ಮೊದಲೇ ಅವರಿಗೆ ಸೊಸೆಯ ಕೆಲಸದ ಮಾತೆಂದರೆ ಆಗುತ್ತಿರಲಿಲ್ಲ. ಸೊಸೆ ಏನು ಮಾಡುತ್ತಾಳೆ ಎಂದು ನೆಂಟರು ಕೇಳಿದರೆ ಆಸ್ಪತ್ರೆಯಲ್ಲಿದ್ದಾಳೆ ಎನ್ನುವರು. ಯಾಕೆ, ಹುಷಾರಿಲ್ಲವೇ ಎಂದು ನೆಂಟರು ಗಾಬರಿಯಾದರೂ ಬಿಡಿಸಿ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಮೊದಲು ಮಾತೆತ್ತಿದವರು ಅತ್ತೆ. ಕುಂಬಳಕಾಯಿ ಸೂಪನ್ನು ಮೊಮ್ಮಗಳ ಬಟ್ಟಲಿಗೆ ಬಡಿಸುತ್ತಾ, ಅಷ್ಟು ಚೆನ್ನಾಗಿ ಓಡಿಸುವವಳು ಬಂಕಿಗೆ ಯಾಕೆ ನುಗ್ಗಿದೆ, ಯಾರಾದರೂ ಕಾಯುತ್ತಿದ್ದರಾ ಅಲ್ಲಿ ಎಂದು ಕೇಳಿದರು. ಚಿನಕುರಳಿಗೆ ಅಷ್ಟೇ ಸಾಕಾಯಿತು.

"ನನ್ನನ್ನ ಯಾಕೆ ಕೇಳ್ತೀರಾ ಅಜ್ಜಿ, ತಾತನ್ನ ಕೇಳಿ. ದಿನಾ ಅಲ್ಲಿಗೆ ಬಂದ ಕೂಡಲೇ ನಿಲ್ಸು ಅಂತಾರೆ. ಆಮೇಲೆ ಲೈಬ್ರರಿ ಹತ್ರ ನಿಲ್ಸು, ಪಾರ್ಕ್ ಗೇಟ್ ಹತ್ರ ನಿಲ್ಸು, ಬಸ್ ಸ್ಟ್ಯಾಂಡ್ ಹತ್ರ ನಿಲ್ಸು. ಪಾರ್ಕಿಂಗ್ ಪ್ರಾಕ್ಟೀಸ್ ಮಾಡ್ತಾ ಇರು ಅಂತ ಇಳಿದು ಹೋಗಿಬಿಡ್ತಾರೆ. ನನಗೆ ಪಾರ್ಕಿಂಗ್ ಒಂದೇ ಬರೋದು ಈಗ."

ಸೊಸೆಯ ಗಂಡ, ಅಂದರೆ ಮೇಷ್ಟ್ರ ಮಗ, ಫಕ್ಕನೆ ನಕ್ಕ. ಅವನಿಗೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ. ಇತ್ತೀಚೆಗೆ ಅಪ್ಪನ ಶಿಷ್ಯರೆಲ್ಲ ಬಂಕಿನಲ್ಲಿ ಸಾಲಾಗಿ ನಿಂತಿರುತ್ತಾರೆಂದು ಗಿರಾಕಿಗಳೂ ಆಡಿಕೊಳ್ಳುತ್ತಿದ್ದರಂತೆ. ಅತ್ತೆಯ ಮುಖ ಮಾತ್ರ ಕೆಂಪೇರಿತು. ಬಿಟ್ಟಿದ್ದ ಸಿಗರೇಟು ಮತ್ತೆ ಹತ್ತಿಕೊಂಡಿತೇ ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡರು. ಮಾವ ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಕಲಿಯುವವರಿಗೆ ಗಮನವಿಲ್ಲದಿದ್ದರೆ ಕಲಿಸುವವನು ಏನು ಮಾಡಲಾದೀತು ಎಂದು ಗೊಣಗಿ, ಕತ್ತರಿಸಿಟ್ಟ ಕಲ್ಲಂಗಡಿ ಹಣ್ಣನ್ನು ಮುಟ್ಟದೆ ಎದ್ದುಹೋದರು.

ಸೊಸೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಂಕ್, ಲೈಬ್ರರಿ, ಪಾರ್ಕು, ಬಸ್ ಸ್ಟ್ಯಾಂಡು. ನಾಲ್ಕೂ ಕಡೆ ಶೌಚಾಲಯವಿದೆ. ಮಾವನ ತಟ್ಟೆಯ ಪಕ್ಕ ನೀರಿನ ಲೋಟ ಹಾಕಿಟ್ಟ ಹಾಗೇ ತುಂಬಿ ನಿಂತಿತ್ತು. ಕಲ್ಲಂಗಡಿಯೆಂದರೆ ಜೀವ ಬಿಡುತ್ತಿದ್ದವರು ಒಂದು ಹೋಳನ್ನೂ ತಿಂದಿರಲಿಲ್ಲ. ಕನ್ನಡಕ ಮಾರುವ ಮಗನಿಗೆ ಕಾಣಲಿಲ್ಲವೆಂದರೆ ಹೋಗಲಿ, ದಿನವಿಡೀ ಜನರ ಹೊಟ್ಟೆಯೊಳಗೆ ನೋಡುವ ತನಗೂ ಮನೆಯೊಳಗೆ ನಡೆಯುತ್ತಿದ್ದದ್ದು ಕಾಣಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ಬ್ರೆಡ್ ಸುಡುತ್ತಿದ್ದಾಗ ಸೊಸೆ ಮೆಲ್ಲನೆ ವಿಷಯ ತೆಗೆದಳು. ಅತ್ತೆ ಮೊದಲು ಸಿಗರೇಟಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಒಂದೊಂದೇ ಹೊರಬಿತ್ತು. ರಾತ್ರಿಯಿಡೀ ಎದ್ದೆದ್ದು ಹೋಗುವುದು, ಹೋದವರು ಅಲ್ಲೇ ನಿಂತುಬಿಡುವುದು, ಕೇಳಿದರೆ ವಯಸ್ಸಾಯಿತು ಮಲಗು ಎನ್ನುವುದು. ವರ್ಷದ ಮೇಲಾಯಿತಂತೆ. ಬ್ರೆಡ್ ಕರಕಲಾದದ್ದು ಇಬ್ಬರಿಗೂ ತಿಳಿಯಲಿಲ್ಲ.

"ಅವರ ಅಣ್ಣನಿಗೂ ಹೀಗೇ ಶುರುವಾಗಿದ್ದು," ಎಂದರು ಅತ್ತೆ. ಆಮೇಲೆ ಸೊಸೆಯ ಮುಖ ನೋಡಲಿಲ್ಲ.

ಹೇಳುವುದು ಯಾರು ಎಂಬ ಪ್ರಶ್ನೆ ಬಂತು. ಮಾವನ ಜೊತೆ ಸೊಸೆ ಆಡುವ ಮಾತಲ್ಲ ಇದು ಎಂದು ಅತ್ತೆ ಮಗನಿಗೆ ಒಪ್ಪಿಸಿದರು. ಮಗ ಎರಡು ದಿನ ತಲೆ ಕೆರೆದುಕೊಂಡು, ಭಾನುವಾರ ಅಪ್ಪ ಕಾರು ತೊಳೆಯುತ್ತಿದ್ದಾಗ ಬಕೆಟ್ ಹಿಡಿದು ಹೋದ. ಕಿಟಕಿಯ ಹಿಂದೆ ಅತ್ತೆ ಸೊಸೆ ಇಬ್ಬರೂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತರು. ಅಪ್ಪ ಮಗ ಬಹಳ ಹೊತ್ತು ಗಂಭೀರವಾಗಿ ಮಾತಾಡಿದರು. ಒಳಗೆ ಬಂದ ಮಗ, ಹಿಂದಿನ ಎರಡು ಟೈರು ಬದಲಾಯಿಸಲೇಬೇಕಂತೆ ಎಂದ. ಅತ್ತೆ ಸೌಟು ಎತ್ತಿದ್ದನ್ನು ನೋಡಿ ಅಂಗಡಿಯ ಬೀಗದಕೈ ಹುಡುಕುತ್ತಾ ಕಾಲಿಗೆ ಬುದ್ಧಿ ಹೇಳಿದ.

ಕೊನೆಗೆ ಸೊಸೆಯೇ ಬಾಯಿಬಿಟ್ಟಳು. ಬೇಕೆಂದು ಬಿಟ್ಟದ್ದಲ್ಲ. ಮರುದಿನ ಆಸ್ಪತ್ರೆಯಲ್ಲಿ ಹೊಸ ಪ್ರೋಬಿನಲ್ಲಿ ಆರೇಳು ಜನರನ್ನು ನೋಡಿದ್ದಳು. ಹಿಂದೆ ಎರಡು ಸಲ ಬಾಗಿಲ ತನಕ ಬಂದು ಓಡಿಹೋಗಿದ್ದ ಅಂಚೆಯವನೊಬ್ಬ, ಇಷ್ಟೇನಾ ಎಂದು ಎದ್ದು ಕೂತು, ಅವಳಿಗೆ ಕೈ ಮುಗಿದು ಹೋಗಿದ್ದ. ಆ ಖುಷಿ ಇನ್ನೂ ಮೈಮೇಲಿತ್ತು. ರಾತ್ರಿ ಊಟದ ಮಧ್ಯೆ ಒಂದು ಟೊಮೇಟೊದ ಮೇಲೆ ಬಟ್ಟಲನ್ನು ಬೋರಲು ಹಾಕಿ, ಸೌಟಿನ ಹಿಂಭಾಗವನ್ನು ಅದರ ಮೇಲೆ ಒತ್ತಿ, ಹೀಗೆ ಹೊರಗಿನಿಂದಲೇ ಒಳಗಿನ ಟೊಮೇಟೊ ಪೂರ್ತಿ ಕಾಣುತ್ತದೆ, ನೋವಿಲ್ಲ, ಸೂಜಿಯಲ್ಲಿ ಚೂರು ತೆಗೆಯಬೇಕಾಗಿ ಬಂದರೂ ಸೋಂಕು ತಗಲಿ ಜ್ವರ ಬರುವ ಭಯ ಕಡಿಮೆ, ಅರ್ಧ ಗಂಟೆಯೊಳಗೆ ಮನೆಗೆ ಹೋಗಬಹುದು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಹೇಳುತ್ತಾ ಹೇಳುತ್ತಾ ಕಣ್ಣು ತಾನಾಗಿ ಮಾವನ ಕಡೆ ತಿರುಗಿತು.

ಮಾವ ಕೈ ತೊಳೆಯಲು ಎದ್ದೇಬಿಟ್ಟರು.

"ನಿನ್ನ ಕೆಲಸ ಆಸ್ಪತ್ರೇಲೇ ಬಿಟ್ಟು ಬಾಮ್ಮ. ಇದು ಊಟದ ಮನೆ."

"ಅವಳು ಹೇಳ್ತಿರೋದು ನಿಮಗೇ," ಎಂದರು ಅತ್ತೆ.

"ನನಗೇನಾಗಿದೆ?"

"ಏನಾಗಿದೆ ಅಂತ ನೋಡೋಕೇ ಹೇಳ್ತಿರೋದು. ಊರಿಗೆಲ್ಲ ರಸ್ತೆ ನೋಡು ರಸ್ತೆ ನೋಡು ಅಂತೀರಿ. ನೀವು ಕಣ್ಣು ಮುಚ್ಕೊಂಡು ಹೋಗ್ತಿದೀರಿ."

ಆಗ ಮಾವ ಅಣ್ಣನ ಮಾತು ತೆಗೆದರು. ಸೈಕಲ್ ಅಂಗಡಿ ಇಟ್ಟಿದ್ದ ಅಣ್ಣ ಬೇರೊಂದು ಆಸ್ಪತ್ರೆಯಲ್ಲಿ, ಹಿಂದಿನಿಂದ ಸೂಜಿ ಹಾಕಿ ಚೂರು ತೆಗೆಯುವ ಆ ಹಳೆಯ ರೀತಿಯ ಪರೀಕ್ಷೆ ಮಾಡಿಸಿಕೊಂಡು ಬಂದು ಜ್ವರದಲ್ಲಿ ಒಂದು ವಾರ ಮಲಗಿದ್ದ. ಎದ್ದವನು ತಮ್ಮನನ್ನು ಕರೆದು, ದನವನ್ನು ಪರೀಕ್ಷೆ ಮಾಡುವ ಹಾಗೆ ಮಾಡಿದರು ಕಣೋ, ಸತ್ತರೂ ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದಿದ್ದ. ಅವನು ಎರಡನೆಯ ಸಲ ಹೋಗಲಿಲ್ಲ. ಸತ್ತೂ ಹೋದ. ಪರೀಕ್ಷೆಯಿಂದ ಸತ್ತದ್ದಲ್ಲ ಮಾವ, ಮತ್ತೆ ಹೋಗದೆ ಇದ್ದದ್ದರಿಂದ ಎಂದು ಸೊಸೆ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಮಾವ ಬಾಗಿಲು ಹಾಕಿಕೊಂಡಾಗಿತ್ತು.

ಅಲ್ಲಿಂದ ಮನೆಯಲ್ಲಿ ಶೀತಲ ಸಮರ. ಮಾವ ಎಲ್ಲರಿಗಿಂತ ಮೊದಲೇ ತಿಂಡಿ ತಿಂದು ಕಾರು ತೆಗೆಯುವರು, ಎಲ್ಲರ ಊಟ ಮುಗಿದ ಮೇಲೆ ಮನೆಗೆ ಬರುವರು. ಅತ್ತೆ ಅವರ ಪಾಲನ್ನು ಮುಚ್ಚಿಟ್ಟು, ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವರು. ಸೊಸೆ ಬಟ್ಟೆ ಮಡಚುವಾಗ ಮಾವನ ಅಂಗಿಗಳನ್ನು ಮೊದಲಿನಂತೆ ಅವರ ಕೋಣೆಗೆ ಒಯ್ಯದೆ ಮಗಳ ಕೈಲಿ ಕಳಿಸತೊಡಗಿದಳು. ಚಿನಕುರಳಿಗೆ ಮಾತ್ರ ಯಾರ ಹಂಗೂ ಇರಲಿಲ್ಲ. ಮತ್ತೆ ಟೆಸ್ಟಿಗೆ ತಯಾರಾಗು ಬಾ ಎಂದು ತಾತ ಕರೆದರೆ, ಕಾರಿನ ಬಾಗಿಲು ಹಿಡಿದು ನಿಂತು ಹೇಳಿದಳು:

"ನೀವು ನಿಮ್ಮ ಟೆಸ್ಟ್ ಮಾಡಿಸ್ಕೊಳ್ಳಿ, ನಾನು ನನ್ನ ಟೆಸ್ಟಿಗೆ ಹೋಗ್ತೀನಿ. ಅಲ್ಲೀತನಕ ನಾನು ಬಂಕಿನಲ್ಲೇ ಪಾರ್ಕ್ ಮಾಡೋಳು ಅಂತ ಊರೆಲ್ಲ ಆಡ್ಕೊಳ್ಳಲಿ. ಹೆಸರು ಕೆಡೋದು ನಿಮ್ಮದು."

ಮಾವ ಒಬ್ಬರೇ ಕಾರು ಹತ್ತಿ ಹೊರಟರು.

ಒಂದು ದಿನ ಅವರು ಮಧ್ಯಾಹ್ನವೇ ಮನೆಗೆ ಬಂದರು. ಸೊಸೆಗೆ ಆ ದಿನ ರಜೆ. ಹಿತ್ತಲಿನ ನಲ್ಲಿ ಬಹಳ ಹೊತ್ತು ಸುರಿಯುವ ಸದ್ದು ಕೇಳಿ ಅತ್ತೆ ಹೋಗಿ ನೋಡಿದರು. ಮಾವ ಕುಕ್ಕರಗಾಲಲ್ಲಿ ಕೂತು ತಮ್ಮ ಪ್ಯಾಂಟನ್ನು ತಾವೇ ತಿಕ್ಕುತ್ತಿದ್ದರು. ಮದುವೆಯಾದಾಗಿನಿಂದ ಒಂದು ಕರವಸ್ತ್ರ ಹಿಂಡಿ ಗೊತ್ತಿಲ್ಲದವರು. ಅತ್ತೆ ಹಿಂದಕ್ಕೆ ಬಂದು ಸೊಸೆಗೆ ಸನ್ನೆಯಲ್ಲೇ ಒಳಗಿರು ಎಂದರು. ಸ್ವಲ್ಪ ಹೊತ್ತಿಗೆ ಬೇಕರಿಯ ಹೆಂಗಸಿನ ಫೋನ್ ಬಂತು. ಆ ಹೊತ್ತು ಮೇಷ್ಟ್ರ ಪಕ್ಕ ಕೂತು ಕಾರು ಕಲಿಯುತ್ತಿದ್ದವಳು ಆಕೆಯೇ. ಸೇತುವೆಯ ಮೇಲೆ ಲಾರಿ ಕೆಟ್ಟು ನಿಂತು ವಾಹನಗಳೆಲ್ಲ ಸಿಕ್ಕಿಹಾಕಿಕೊಂಡವಂತೆ, ಹಿಂದೆ ಮುಂದೆ ಜಾಗವಿರಲಿಲ್ಲವಂತೆ, ಮೇಷ್ಟ್ರು ಬೆವರುತ್ತಿದ್ದರಂತೆ, ಆಮೇಲೆ ಒಂದೂ ಮಾತಾಡಲಿಲ್ಲವಂತೆ, ಸುಖವಾಗಿ ಮನೆ ಸೇರಿದರಾ ಎಂದು ಕೇಳಿದಳು. ಸೇರಿದರು, ಸ್ವಲ್ಪ ತಲೆಸುತ್ತಷ್ಟೇ ಎಂದು ಅತ್ತೆ ಸುಳ್ಳು ಹೇಳಿ ಫೋನ್ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ದಿನ ಮಾವನ ಹಠದ ಮೇಲೆ ಸೊಸೆಗೆ ಬಂದಿದ್ದ ಸಿಟ್ಟೆಲ್ಲ ಆ ನಲ್ಲಿಯ ಸದ್ದಿನಲ್ಲಿ ಹರಿದುಹೋಯಿತು.

ಆ ರಾತ್ರಿ ಮಾವ ಎಲ್ಲರ ಜೊತೆ ಊಟಕ್ಕೆ ಕೂತರು. ಅನ್ನ ಕಲಸುತ್ತಾ, ಗೋಡೆಯನ್ನು ಕೇಳುವ ಹಾಗೆ ಕೇಳಿದರು:

"ಆ ಹೊಸ ಮೆಷಿನ್ನು ಇನ್ನೂ ಇದೆಯಾ?"

ಇದೆ ಮಾವ, ಎಲ್ಲಿಗೂ ಹೋಗಿಲ್ಲ ಎಂದಳು ಸೊಸೆ. ಖುಷಿ ಮುಖಕ್ಕೆ ಬಾರದಂತೆ ತಡೆಯಲು ಅವಳಿಗೆ ಎರಡು ಲೋಟ ನೀರು ಬೇಕಾಯಿತು. ಮಾವ ಒಂದು ಷರತ್ತು ಹಾಕಿದರು. ಪರೀಕ್ಷೆ ಡಾಕ್ಟರೇ ಮಾಡಬೇಕು, ಸೊಸೆ ಆ ಕೋಣೆಯೊಳಗೆ ಕಾಲಿಡಕೂಡದು. ಅತ್ತೆ ಏನೋ ಹೇಳಲು ಹೋದರು. ಆಗಲಿ ಮಾವ ಎಂದು ಸೊಸೆ ಅವರ ಬಾಯಿ ಮುಚ್ಚಿಸಿದಳು. ಬಂದರೆ ಸಾಕಾಗಿತ್ತು.

ಮೊದಲು ರಕ್ತ ಪರೀಕ್ಷೆಯಾಯಿತು. ಪ್ರಾಸ್ಟೇಟಿನ ತೊಂದರೆ ತೋರಿಸುವ ಅಂಕಿ ಇರಬೇಕಾದ್ದಕ್ಕಿಂತ ಮೇಲಿತ್ತು. ಅದರರ್ಥ ಏನೂ ಇರಬಹುದು, ನೋಡದೆ ಹೇಳಲಾಗದು ಎಂದರು ಡಾಕ್ಟರು. ಮನೆಯಲ್ಲಿ ಯಾರೂ ಆ ಅಂಕಿಯನ್ನು ಬಾಯಿಬಿಟ್ಟು ಆಡಲಿಲ್ಲ.

ಸ್ಕ್ಯಾನಿಂಗ್ ದಿನ ಮನೆಗೆ ಮನೆಯೇ ಆಸ್ಪತ್ರೆಗೆ ಹೊರಟಿತು. ಮಗ ಅಂಗಡಿ ಮುಚ್ಚಿ ಬಂದ. ಮೊದಲು ಹೊಟ್ಟೆಯ ಮೇಲಿನಿಂದ ನೋಡಲು ಮೂತ್ರಕೋಶ ತುಂಬಿರಬೇಕು ಎಂದು ಹೇಳಿದ್ದರಿಂದ, ವರ್ಷದಿಂದ ನೀರೆಂದರೆ ಮಾರು ದೂರ ಹಾರುತ್ತಿದ್ದ ಮಾವ ಹೆಂಡತಿಯ ಕಾವಲಿನಲ್ಲಿ ಬಾಟಲಿ ಖಾಲಿ ಮಾಡಿ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಅವರ ಸರದಿ ಬರುವ ಹೊತ್ತಿಗೆ ಹೊಟ್ಟೆನೋವೆಂದು ತುಂಬು ಗರ್ಭಿಣಿಯೊಬ್ಬಳನ್ನು ತಳ್ಳುಗಾಡಿಯಲ್ಲಿ ತಂದು ಒಳಕ್ಕೆ ಕರೆದೊಯ್ದರು. ಮಾವನ ಕಾಲು ಒಂದರ ಮೇಲೊಂದು ಏರಿತು, ಇಳಿಯಿತು, ಮತ್ತೆ ಏರಿತು. ಹಣೆಯಲ್ಲಿ ಬೆವರು.

"ತಾತ, ಹಾಫ್ ಕ್ಲಚ್ಚಲ್ಲಿ ಇಟ್ಕೊಳ್ಳಿ," ಎಂದಳು ಚಿನಕುರಳಿ ಅವರ ಕಿವಿಯಲ್ಲಿ. "ಗಾಬರಿಯಾಗಿ ಪೂರ್ತಿ ಬಿಟ್ಟುಬಿಡಬೇಡಿ."

ಅದು ಮಾವ ದಿನವೂ ಹೇಳಿಕೊಡುವ ಪಾಠ. ಅವರಿಗೆ ನಗು ಬಂತು. ನಗಬಾರದ ಹೊತ್ತು ಅದು. ನಗಿಸಬೇಡ ಕಣೇ ಮುಂಡೇದೇ ಎಂದು ಹಲ್ಲು ಕಚ್ಚಿಕೊಂಡೇ ನಕ್ಕರು. ಅತ್ತೆಯೂ ನಕ್ಕರು, ಮಗನೂ ನಕ್ಕ, ಪಕ್ಕದ ಬೆಂಚಿನವರಿಗೆ ಯಾಕೆಂದು ಗೊತ್ತಾಗದಿದ್ದರೂ ಅವರೂ ನಕ್ಕರು. ಎಷ್ಟೋ ವಾರಗಳ ಮೇಲೆ ಆ ಮನೆಯವರು ಒಟ್ಟಿಗೆ ನಕ್ಕದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ.

ಹೊಟ್ಟೆಯ ಮೇಲಿನ ಸ್ಕ್ಯಾನ್ ಬೇಗ ಮುಗಿಯಿತು. ಮಾವ ಓಡಿಹೋಗಿ ಹಗುರಾಗಿ ಬಂದರು. ಇನ್ನು ನಿಜವಾದ ಪರೀಕ್ಷೆ. ಸೊಸೆ ಕೊಟ್ಟ ಮಾತಿನಂತೆ ಒಳಗೆ ಹೋಗಲಿಲ್ಲ. ಕೋಣೆಗೆ ತಾಗಿದಂತೆ ಹೊದಿಕೆ, ಜೆಲ್ ಇಡುವ ಒಂದು ಸಣ್ಣ ಜಾಗವಿತ್ತು, ನಡುವೆ ಬಟ್ಟೆಯ ಪರದೆ. ಅಲ್ಲಿ ನಿಂತು ಮಡಚಿದ್ದ ಹೊದಿಕೆಗಳನ್ನೇ ಮತ್ತೆ ಮಡಚತೊಡಗಿದಳು. ಒಳಗೆ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸಿನವರು, ಸಾರ್ ಸ್ವಲ್ಪ ಮೇಲಕ್ಕೆ, ಸಾರ್ ಸ್ವಲ್ಪ ಕೆಳಕ್ಕೆ ಎನ್ನುತ್ತಿದ್ದರು. ಯಂತ್ರದ ಪರದೆ ನೋಡಿದರೆ ಕೈ ಜಾರುತ್ತಿತ್ತು, ಕೈ ನೋಡಿದರೆ ಚಿತ್ರ ಹೋಗುತ್ತಿತ್ತು. ಇನ್ನೊಂದು ಸಲ ಸಾರ್ ಎಂದು ಮೂರನೆಯ ಸಲ ಹೇಳಿದಾಗ ಮಾವನ ಧ್ವನಿ ಕೇಳಿತು.

"ಡಾಕ್ಟ್ರೇ, ಇದನ್ನ ಹಿಡಿದು ಎಷ್ಟು ದಿನ ಆಯ್ತು?"

"ಹಿಡಿದಿದ್ದು ಇವತ್ತೇ ಸಾರ್," ಎಂದರು ಡಾಕ್ಟರು, ಮುಚ್ಚುಮರೆಯಿಲ್ಲದೆ. "ಚಿತ್ರ ನೋಡಿ ಹೇಳೋದು ನನ್ನ ಕೆಲಸ. ಹಿಡಿಯೋರು ಬೇರೆ ಇದಾರೆ. ನೀವು ಬೇಡ ಅಂದಿದ್ದಕ್ಕೆ ನಾನೇ ಹಿಡಿದೆ."

"ಹಿಡಿಯೋರು ಯಾರು?"

"ನಿಮ್ಮ ಸೊಸೆ."

ಸೊಸೆ ಹೊದಿಕೆ ಮಡಚುವುದನ್ನು ನಿಲ್ಲಿಸಿದಳು. ಹಾಗಾದರೆ ಇವತ್ತು ಬೇಡ, ಮನೆಗೆ ಹೋಗುತ್ತೇನೆ ಎಂದು ಎದ್ದರೆ ಮುಗಿಯಿತು, ಮತ್ತೆ ಈ ಮನುಷ್ಯ ಈ ಬಾಗಿಲಿಗೆ ಬರುವುದಿಲ್ಲ.

"ಮೊದಲ ದಿನ ನಾನು ಯಾರಿಗೂ ಮೇನ್ ರೋಡ್ ಕೊಡಲ್ಲ ಡಾಕ್ಟ್ರೇ," ಎಂದರು ಮಾವ. "ಬೇಜಾರು ಮಾಡ್ಕೋಬೇಡಿ. ಅವಳನ್ನೇ ಕರೀರಿ."

ಡಾಕ್ಟರು ಬೇಜಾರು ಮಾಡಿಕೊಳ್ಳುವುದಿರಲಿ, ಬದುಕಿದೆ ಎನ್ನುವ ಹಾಗೆ ಬಟ್ಟೆಯ ಪರದೆ ಸರಿಸಿದರು.

ಸೊಸೆ ಒಳಗೆ ಬಂದು ಮೊದಲು ಮಾಡಿದ್ದೆಂದರೆ ಹೊದಿಕೆಯನ್ನು ಸರಿಪಡಿಸಿದ್ದು, ಬೇಕಾದಷ್ಟು ಮಾತ್ರ ತೆರೆದಿಟ್ಟು ಉಳಿದೆಲ್ಲ ಮುಚ್ಚಿದ್ದು. ಆಮೇಲೆ ದಿನವೂ ಎಲ್ಲರಿಗೂ ಹೇಳುವುದನ್ನೇ ಅದೇ ಧ್ವನಿಯಲ್ಲಿ ಹೇಳಿದಳು. ಸ್ವಲ್ಪ ತಣ್ಣಗಿರುತ್ತದೆ, ಒತ್ತಿದ ಹಾಗಾಗುತ್ತದೆ, ನೋವಾದರೆ ಹೇಳಿ. ಮಾವ ಚಾವಣಿ ನೋಡುತ್ತಿದ್ದರು. ಅವಳು ಪರದೆ ನೋಡುತ್ತಿದ್ದಳು. ಕೈಗೆ ತನ್ನ ಕೆಲಸ ಗೊತ್ತಿತ್ತು. ಒಂದು ಒತ್ತು, ಒಂದು ಸಣ್ಣ ಓರೆ, ಮಬ್ಬೆಲ್ಲ ಸರಿದು ಗ್ರಂಥಿ ಇಡಿಯಾಗಿ ಪರದೆಯ ಮೇಲೆ ಬಂತು. ಊದಿಕೊಂಡಿತ್ತು, ಅದು ಅವಳಿಗೆ ಮೊದಲೇ ಗೊತ್ತಿದ್ದದ್ದು. ನಿಧಾನವಾಗಿ ಮುಂಭಾಗಕ್ಕೆ ಬಂದಳು. ಬೆರಳಿಟ್ಟು ನೋಡುವ ಪರೀಕ್ಷೆಗೆ ಎಟುಕದ ಆ ಮೂಲೆಯಲ್ಲಿ ಬೇಳೆಕಾಳಿನಷ್ಟು ಒಂದು ಕಪ್ಪು ಚುಕ್ಕೆ ಕಂಡಿತು.

ಅವಳ ಎದೆ ಧಸಕ್ಕೆಂದಿತು. ಮರುಕ್ಷಣವೇ ಸಿಕ್ಕಿತು, ಸಿಕ್ಕಿತು ಎಂದು ಒಳಗೇ ಯಾರೋ ಕೂಗಿದ ಹಾಗಾಯಿತು. ಎರಡೂ ನಿಜವೇ. ಡಾಕ್ಟರು ಮುಂದಕ್ಕೆ ಬಾಗಿ, ಅಲ್ಲೇ ನಿಲ್ಲಿಸಿ ಎಂದರು. ಅವಳು ನಿಲ್ಲಿಸಿದಳು.

"ಏನೋ ಸಿಕ್ತಲ್ವಾ?" ಎಂದರು ಮಾವ. ಅವರು ಈಗ ಚಾವಣಿ ಬಿಟ್ಟು ಅವಳನ್ನೇ ನೋಡುತ್ತಿದ್ದರು.

"ಅದನ್ನ ಡಾಕ್ಟ್ರು ಹೇಳಬೇಕು ಮಾವ."

"ಪಕ್ಕದಲ್ಲಿ ಕೂತವರ ಮುಖ ನೋಡೇ ನಾನು ಬ್ರೇಕ್ ಒತ್ತೋದು. ನಿನ್ನ ಮುಖ ಆಗ್ಲೇ ಹೇಳ್ತು."

ಅವಳು ಡಾಕ್ಟರ ಕಡೆ ನೋಡಿದಳು. ಡಾಕ್ಟರು ತಲೆಯಾಡಿಸಿದರು.

"ಸಿಕ್ಕಿದೆ ಮಾವ," ಎಂದಳು. "ಚಿಕ್ಕದು. ಏನು ಅಂತ ಇನ್ನೂ ಗೊತ್ತಿಲ್ಲ."

ಮಾವ ಕಣ್ಣು ಮುಚ್ಚಿಕೊಂಡರು. "ಸರಿ. ಕೈ ತೆಗೀಬೇಡ. ಸರಿಯಾಗಿ ನೋಡಿಬಿಡಿ."

ಕೆಲವು ದಿನಗಳ ಮೇಲೆ ಆ ಚುಕ್ಕೆಯಿಂದ ಸೂಜಿಯಲ್ಲಿ ಚೂರು ತೆಗೆದರು. ಅದೂ ಹೊರಗಿನ ಚರ್ಮದ ಮೂಲಕವೇ, ಜಾಗ ಮರಗಟ್ಟಿಸಿ. ಪ್ರೋಬ್ ಹಿಡಿದು ದಾರಿ ತೋರಿಸಿದವಳು ಸೊಸೆ. ಈ ಸಲ ಯಾರೂ ಷರತ್ತು ಹಾಕಲಿಲ್ಲ. ಫಲಿತಾಂಶಕ್ಕೆ ಕಾಯಬೇಕಾದ ದಿನಗಳಲ್ಲಿ ಅತ್ತೆ ತಡೆದಿಟ್ಟದ್ದನ್ನೆಲ್ಲ ಹೊರಹಾಕಿದರು. ಬಟಾಣಿ ಬಿಡಿಸುತ್ತಾ ಕೂತಿದ್ದಾಗ, ನಿಮ್ಮಣ್ಣನ ಜ್ವರದ ನೆಪ ಹೇಳಬೇಡಿ, ನಾಚಿಕೆಗೆ ಹೆದರಿ ನನ್ನನ್ನು ಒಂಟಿ ಮಾಡಲು ಹೊರಟಿದ್ದಿರಿ ಎಂದರು. ಮಾವ ಎಂದಿನಂತೆ ಎದ್ದುಹೋಗಲಿಲ್ಲ. ಪಕ್ಕದಲ್ಲಿ ಕೂತು, ತಾವೂ ಬಟಾಣಿ ಬಿಡಿಸಿದರು. ಅರ್ಧ ನೆಲಕ್ಕೆ ಚೆಲ್ಲಿದರು.

"ರಾತ್ರಿ ನೀನೂ ಎದ್ದು ಕೂತ್ಕೊಂಡು ಕಾಯ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ ಕಣೇ."

"ಗೊತ್ತಾಗೋಕೆ ದೀಪ ಹಾಕಬೇಕಿತ್ತು. ನೀವು ಕತ್ತಲಲ್ಲೇ ಓಡಾಡ್ತಿದ್ರಿ."

ಫಲಿತಾಂಶ ಬಂತು. ಕ್ಯಾನ್ಸರೇ. ಆದರೆ ಚಿಕ್ಕದು, ಗ್ರಂಥಿಯ ಗಡಿ ದಾಟಿಲ್ಲ, ಪೂರ್ತಿ ತೆಗೆದುಹಾಕುವ ಹಂತದಲ್ಲೇ ಸಿಕ್ಕಿದೆ. ಹೆದರುವ ಕಾಲವಲ್ಲ, ಹಾಗೆಂದು ಕಾಲ ತಳ್ಳುವಂತೆಯೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮನೆಗೆ ಬಂದು ಸೊಸೆ ಅದನ್ನೇ ಊಟದ ಮೇಜಿನ ಮೇಲೆ, ಎಲ್ಲರ ಎದುರು, ಸೌಟು ಬಟ್ಟಲು ಏನೂ ಇಲ್ಲದೆ ಹೇಳಿದಳು. ಕ್ಯಾನ್ಸರ್ ಎಂಬ ಮಾತಿಗೆ ಮಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ತೆಗೆದುಹಾಕಬಹುದು ಎಂಬ ಮಾತಿಗೆ ಮತ್ತೆ ತೆಗೆದು ಮತ್ತೆ ಒರೆಸಿಕೊಂಡ. ಅತ್ತೆ ಆಮ್ಲೆಟ್ ಮೇಲೆ ಆಮ್ಲೆಟ್ ಹುಯ್ಯುತ್ತಲೇ ಹೋದರು, ಎಲ್ಲರೂ ತಿಂದು ಮಿಗುವಷ್ಟು. ಚಿನಕುರಳಿ ತಾತನ ಕತ್ತಿಗೆ ಜೋತುಬಿದ್ದು, ನಾಳೆಯೇ ತನ್ನ ಟೆಸ್ಟಿಗೆ ಹೆಸರು ಕೊಡುತ್ತೇನೆಂದಳು. ಅಷ್ಟು ದೊಡ್ಡ ಕಾಯಿಲೆಯ ಸುದ್ದಿ ಬಂದ ಮನೆಯಲ್ಲಿ ಇಷ್ಟು ಸಂಭ್ರಮ ಇರಬಹುದೇ ಎಂದು ಸೊಸೆಗೆ ಒಂದು ಗಳಿಗೆ ಅನಿಸಿತು. ಇರಬಹುದು. ಕಳ್ಳ ಒಳಗಿರುವಾಗಲೇ ಹೊರಗಿನಿಂದ ಚಿಲಕ ಹಾಕಿ ಹಿಡಿದ ಸಂಭ್ರಮ ಅದು.

ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ವಾರವಿರುವಾಗ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ, ಸ್ಕ್ಯಾನಿಂಗ್ ಕೋಣೆಯ ಮುಂದಿನ ಬೆಂಚಿನ ಮೇಲೆ ಮಾವ ಕೂತಿದ್ದರು. ಅವರ ಮತ್ತು ಗೋಡೆಯ ನಡುವೆ, ತಪ್ಪಿಸಿಕೊಳ್ಳಲು ಜಾಗವಿಲ್ಲದ ಹಾಗೆ, ಐವತ್ತು ದಾಟಿದ ಒಬ್ಬ ಗಂಡಸು. ತೀರಿಹೋದ ಅಣ್ಣನ ಮಗ. ಈಗ ಸೈಕಲ್ ಅಂಗಡಿ ನೋಡಿಕೊಳ್ಳುವವನು ಅವನೇ. ಕೈಯಲ್ಲಿ ಗ್ರೀಸ್ ಇನ್ನೂ ಹಾಗೇ ಇತ್ತು. ಅಂಗಡಿ ತೆರೆಯುವ ಹೊತ್ತಿಗೇ ಮಾವ ಹೋಗಿ ಎತ್ತಿಹಾಕಿಕೊಂಡು ಬಂದಿದ್ದರು.

"ನನಗೇನೂ ತೊಂದರೆ ಇಲ್ಲ ಚಿಕ್ಕಪ್ಪ," ಎನ್ನುತ್ತಿದ್ದ ಅವನು. "ವಯಸ್ಸಾಯ್ತಲ್ಲ, ಎಲ್ಲರಿಗೂ ಇರೋದೇ."

"ನಿಮ್ಮಪ್ಪನೂ ಇದನ್ನೇ ಹೇಳ್ದ. ನಾನೂ ಇದನ್ನೇ ಹೇಳ್ದೆ."

ಸೊಸೆಯನ್ನು ಕಂಡು ಅವನು ಇನ್ನಷ್ಟು ಮುದುಡಿದ. ಭಾವ ಎಂದು ಅವಳು ಕರೆದದ್ದೇ ತಡ, 'ನೀನೇ ಮಾಡ್ತೀಯಾ' ಎಂದು ಉಗುಳು ನುಂಗಿದ. ಪ್ರೋಬ್ ತಾನು ಹಿಡಿಯುತ್ತೇನೆ, ಡಾಕ್ಟರು ನೋಡುತ್ತಾರೆ ಎಂದಳು. ಹಾಗಾದರೆ ಇನ್ನೊಂದು ದಿನ ಬರುತ್ತೇನೆಂದು ಅವನು ಏಳಹೋದ. ಮಾವ ಅವನ ಭುಜ ಹಿಡಿದು ಕೂರಿಸಿದರು. ಸರದಿಗೆ ಕಾಯುತ್ತಿದ್ದವರೂ ನರ್ಸುಗಳೂ ಬೆಂಚಿನ ತುದಿಯ ತನಕ ಇದ್ದರು. ಮಾವ ಸ್ವರ ತಗ್ಗಿಸಲಿಲ್ಲ.

"ನನಗೆ ಮಾಡಿದ್ದು ಇವಳೇ. ಕಾಲು ಮಡಚಿ ಮಲಗಿದ್ದೆ, ಹೊರಗಿಂದಲೇ ನೋಡಿದ್ಲು, ಒಳಗಿದ್ದ ಕ್ಯಾನ್ಸರ್ ಹುಡುಕಿದ್ಲು. ಏನೂ ನೋವಿಲ್ಲ. ನಾಚಿಕೆ ಆಯ್ತು. ಎರಡು ನಿಮಿಷ ಆಯ್ತು, ಹೋಯ್ತು."

ಕಾರಿಡಾರಿನಲ್ಲಿ ತಲೆಗಳು ತಿರುಗಿದವು. ಸೊಸೆಯ ಕಣ್ಣು ತುಂಬಿ ಬಂತು. ಅದನ್ನು ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಬಾಗಿಲು ತೆರೆದು ಹಿಡಿದು, ಬನ್ನಿ ಭಾವ ಎಂದಳು. ಅಣ್ಣನ ಮಗ ಎದ್ದ.